ಎರಡು ಕ್ಯಾನು ನೀರು

ಕಾತ್ರಜ್ ಸುರಂಗ ಬಾಯಿ ತೆರೆದಾಗ
ಕಡ್ಲೆ ಕಿವಿಗಳನ್ನು ಹಿಂದಕ್ಕೆ ಹಾಕಿದಳು.
ಎಡಗೈ ಅವಳ ಕೊರಳಿಗೆ, ಬಲಗೈ ಕಂಬಿಗೆ.
ತಾಳವ್ವ, ತಾಳು, ಇದೂ ಒಂದು ರಾತ್ರಿ, ಗಿಡ್ಡ ರಾತ್ರಿ.
ಹಳದಿ ದೀಪಗಳು ಕಿಂಡಿಯಿಂದ ಒಳಗೆ ಬಂದು
ಅವಳ ಬೆನ್ನ ಮೇಲೆ ಒಂದೊಂದಾಗಿ ಜಾರಿ ಹೋದವು.

ಪಾಸ್‌ಪೋರ್ಟಿನಲ್ಲಿ ಅವಳು ಸದರ್ನ್ ವರ್ಡಿಕ್ಟ್:
ಕಂದು, ಹೆಣ್ಣು, ನಾಲ್ಕು ವರ್ಷ, ಹಣೆಯಲ್ಲಿ ಚುಕ್ಕಿ,
ಹಿಂದಿನ ಎಡಗಾಲು ಬಿಳಿ.
ಹೌದು, ಕುದುರೆಗೆ ಪಾಸ್‌ಪೋರ್ಟು.
ನನ್ನ ಹತ್ತಿರ ರೇಷನ್ ಕಾರ್ಡಿದೆ.
ಕಡ್ಲೆ ಅಂತ ಕರೆದವನು ನಾನು, ಕುಣಿಗಲ್ಲಿನಲ್ಲಿ,
ಮರಿಯಾಗಿದ್ದಾಗ ನನ್ನ ಜೇಬಿಗೆ ಮೂತಿ ತೂರಿಸಿ
ಬಟ್ಟೆ ಸಮೇತ ಅಗಿದ ದಿನ.

ಬೆಂಗಳೂರು ಬಿಟ್ಟದ್ದು ನಿನ್ನೆ ಮಧ್ಯಾಹ್ನ.
ಆರೋಗ್ಯಸ್ವಾಮಿ ಸ್ಟಿಯರಿಂಗಿನ ಮುಂದೆ
ಸ್ಟೀಲ್ ಲೋಟದಲ್ಲಿ ನೀರಿಟ್ಟು ಓಡಿಸುವವನು.
ತುಳುಕಿದರೆ ತನ್ನನ್ನೇ ಬೈದುಕೊಳ್ಳುತ್ತಾನೆ, ತಮಿಳಿನಲ್ಲಿ,
ಅಮ್ಮನ ತನಕ.

ಗಾಡಿ ಓಡುತ್ತದೆ, ಕುದುರೆ ಸುಮ್ಮನೆ ನಿಂತಿರುತ್ತದೆ
ಅಂದುಕೊಂಡವರೇ ಹೆಚ್ಚು.
ಬಂದು ನೋಡಿ. ಪ್ರತಿ ತಿರುವಿಗೆ, ಪ್ರತಿ ಹಂಪಿಗೆ
ಈ ಕಾಲಿನ ಭಾರ ಆ ಕಾಲಿಗೆ ದಾಟಿಸುತ್ತಾ
ಸಾವಿರ ಕಿಲೋಮೀಟರು ನಿಂತೇ ನಡೆಯುತ್ತಾಳೆ.
ಮೈದಾನದಲ್ಲಿ ಓಡುವುದು ಒಂದೂ ಮುಕ್ಕಾಲು ನಿಮಿಷ,
ಅದಕ್ಕೆ ಹಾರ, ಕಪ್ಪು, ಮಾಲೀಕರ ಜೊತೆ ಫೋಟೋ.
ಈ ಓಟಕ್ಕೆ ಇಪ್ಪತ್ತು ಕೆಜಿ ಇಳಿಯುತ್ತದೆ.

ವಾಕಡ್ ಫ್ಲೈಓವರಿನ ಕೆಳಗೆ ಜಾಮು.
ರಿಕ್ಷಾದಲ್ಲಿದ್ದ ಒಂದು ಹುಡುಗಿ
ಕಿಂಡಿಯಲ್ಲಿ ಅಲುಗುವ ಮೂಗಿನ ಹೊಳ್ಳೆ ಕಂಡು
ಚೀರಿದಳು, ತಾಯಿ ನಂಬಲಿಲ್ಲ.
ಚಹಾದವನು ಬಕೆಟ್ಟು ತುಂಬ ನೀರು ತಂದುಕೊಟ್ಟ,
ಪುಣ್ಯಾತ್ಮ, ಕಾಸು ಮುಟ್ಟಲಿಲ್ಲ.
ಕಡ್ಲೆ ಮೂಸಿದಳು. ಮುಖ ತಿರುಗಿಸಿದಳು.
ಗೊತ್ತಿತ್ತು. ಅದಕ್ಕೇ ಮನೆಯ ನೀರು, ನೀಲಿ ಕ್ಯಾನು ಎರಡು.
ಒಂದು ಸತಾರಾದಲ್ಲೇ ಮುಗಿದಿತ್ತು.

ಖಂಡಾಳ ಇಳಿಯುವಾಗ ಅವಳ ತಲೆ ನನ್ನ ಹೆಗಲ ಮೇಲೆ.
ಹಗ್ಗ ಸಡಿಲ ಬಿಡಬೇಕು, ತಲೆ ತಗ್ಗಿಸಿ
ಸೀನಲು ಜಾಗ ಬೇಕು, ಇಲ್ಲದಿದ್ದರೆ ಎದೆಗೆ ಧೂಳು.
ಸೀನಿದಳು. ನನ್ನ ಅಂಗಿಯೆಲ್ಲ ಹಸಿರು.
ವಾಶಿ ಸೇತುವೆಯಲ್ಲಿ ಉಪ್ಪುಗಾಳಿ ನುಗ್ಗಿತು:
ಹೊಳ್ಳೆ ಅರಳಿಸಿ, ತುಟಿ ಮೇಲೆತ್ತಿ,
ಇದೇನು ಅಂತ ನನ್ನನ್ನೇ ನೋಡಿದಳು.
ನಾನು ಕೆರೆ ನೋಡಿ ಬೆಳೆದವನು. ಏನಂತ ಹೇಳಲಿ.

ಮಹಾಲಕ್ಷ್ಮಿ, ನಸುಕಿನ ಮೂರೂವರೆ.
ಹೊಸ ಲಾಯ, ಹೊಸ ಮಾಲೀಕ, ಸಹಿ ಮಾಡಲು ಮೂರು ಕಾಗದ.
ಸೈಸು ರಾಮ್‌ಸಕಲ್, ಛಪ್ರಾ ಜಿಲ್ಲೆ, ಐವತ್ತರ ಆಸುಪಾಸು.
ಕೈ ನೋಡಿದೆ, ನನ್ನದೇ ಹಾಗೆ ಹಗ್ಗ ಕೊರೆದ ಕೈ.
ಅರೆಬರೆ ಹಿಂದಿಯಲ್ಲಿ ಹೇಳಿದೆ:
ಮೊದಲ ದಿನ ನಮ್ಮ ನೀರೇ ಕೊಡು,
ನಾಳೆ ಅರ್ಧಕ್ಕರ್ಧ, ನಾಡಿದ್ದು ಕಾಲು ಭಾಗ,
ಚೂರು ಬೆಲ್ಲ ಹಾಕು, ಮೋಸ ಅಂತ ಅವಳಿಗೂ ಗೊತ್ತಾಗುತ್ತೆ,
ಆದರೂ ಕುಡೀತಾಳೆ.
ಅವನು ನಕ್ಕ. ಮುಂಬಯಿಗೆ ಮೊದಲ ಸಲ ಹೊರಟಾಗ
ಊರ ಬಾವಿಯ ನೀರು ಬಾಟಲಿಯಲ್ಲಿ ತಂದಿದ್ದನಂತೆ.
ಇಟಾರ್ಸಿಗೆ ಮುಂಚೆಯೇ ಖಾಲಿ.

ಇನ್ನೊಂದು ಮಾತು, ಹೆದರಿದಾಗ ಹೀಗನ್ನು: ತಾಳವ್ವ.
ತಾಲವ್ವ, ಅಂದ.
ಅಲ್ಲಲ್ಲ, ನಾಲಿಗೆ ಮಡಚು, ಳ, ಳ.
ತಾಡವ್ವ.
ಲಾಯದ ದೀಪದಡಿ ಇಬ್ಬರು ಗಂಡಸರು
ಬಾಯಿ ತೆರೆದು ಒಂದು ಅಕ್ಷರಕ್ಕೆ ಒದ್ದಾಡಿದೆವು.
ಕಡ್ಲೆ ಒಂದು ಕಿವಿ ಅವನ ಕಡೆ ತಿರುಗಿಸಿದಳು,
ತಪ್ಪು ಅಕ್ಷರಕ್ಕೇ.
ಇನ್ನೊಂದು ಕಿವಿ ಎತ್ತ ಇತ್ತೋ,
ನಾನು ನೋಡಲು ನಿಲ್ಲಲಿಲ್ಲ.

ವಾಪಸು ಖಾಲಿ ಗಾಡಿ.
ಮುಂದೆ ಸೀಟಿತ್ತು, ಆದರೂ ಹಿಂದೆಯೇ ಹತ್ತಿ
ಅವಳು ಬಿಟ್ಟ ಹುಲ್ಲಿನ ಮೇಲೆ ಮಲಗಿದೆ.
ಆರೋಗ್ಯಸ್ವಾಮಿ ಲೋಟದ ನೀರು ಗಟಗಟ ಕುಡಿದು
ಸಾಯನ್ ಸಿಗ್ನಲ್ಲಿನಲ್ಲಿ
ಬ್ರೇಕನ್ನು ಹೇಗೆ ಬೇಕೋ ಹಾಗೆ ತುಳಿದ.